ಎರಡು ಕಿರುಗೆರೆ ಒಂದಾದಾಗ

(ತಾಂತ್ರಿಕ ಕೈಪಿಡಿ ಬರೆಯುವವರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಆಮೇಲೆ ಬರಹಕ್ಕೆ ಇಳಿಸಿದ್ದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸರ್ವರ್ ತಂತ್ರಾಂಶಕ್ಕೆ ಇನ್‌ಸ್ಟಾಲೇಶನ್ ಕೈಪಿಡಿ ಬರೆದಿದ್ದೆ. 300 ಪುಟಕ್ಕೆ ಸ್ವಲ್ಪ ಕಡಿಮೆ. ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಜೋಡಿಸಿದ್ದು, ನೋಡಲು ಅಂದವಾಗಿತ್ತು, ನನಗೂ ಒಳಗೊಳಗೇ ಹೆಮ್ಮೆ. ಬಿಡುಗಡೆಯಾದ ವಾರವೇ ಒಬ್ಬ ಸಿಸ್ಟಮ್ ಅಡ್ಮಿನ್ ಫೋನ್ ಮಾಡಿದರು. "ಸಾರ್, ನಿಮ್ಮ ಪುಸ್ತಕದಲ್ಲಿರೋ ಹಾಗೇ ಕಮಾಂಡ್ ಕೊಟ್ಟಿದ್ದೀನಿ. ಅಂಥ ಫೈಲೇ ಇಲ್ಲ ಅಂತಿದೆ." ಆ ಕಮಾಂಡನ್ನು ನಾನೇ ಮೂರು ಮಷೀನಿನಲ್ಲಿ ಓಡಿಸಿ ನೋಡಿದ್ದೆ. ಫೋನ್ ಕಿವಿಗಿಟ್ಟುಕೊಂಡೇ ಇನ್ನೊಮ್ಮೆ ಓಡಿಸಿದೆ, ಓಡಿತು. ಅವರ ಕಡೆ ಓಡಲಿಲ್ಲ. ವರ್ಶನ್ ಕೇಳಿದೆ, ಪರ್ಮಿಶನ್ ಕೇಳಿದೆ, ಯಾವ ಡೈರೆಕ್ಟರಿಯಲ್ಲಿದ್ದೀರಿ ಅಂತ ಕೇಳಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ಹೊಳೆಯಿತು.

"ಟೈಪ್ ಮಾಡಿದ್ರಾ, ಕಾಪಿ ಮಾಡಿದ್ರಾ?"

"ಕಾಪಿ, ಸಾರ್. ಅಷ್ಟುದ್ದ ಯಾರು ಟೈಪ್ ಮಾಡ್ತಾರೆ?"

"ಒಂದ್ಸಲ ಕೈಯಲ್ಲೇ ಟೈಪ್ ಮಾಡಿ ನೋಡಿ."

ಮಾಡಿದರು. ಓಡಿತು.

ಕಮಾಂಡಿನ ಕೊನೆಯಲ್ಲಿ --ಫೋರ್ಸ್ ಅಂತ ಒಂದು ಆಯ್ಕೆ ಇತ್ತು, ಮುಂದೆ ಎರಡು ಕಿರುಗೆರೆ. ಲೇಟೆಕ್‌ನ ಅಡಿಪಾಯವಾದ ಮೂಲ ಪ್ರೋಗ್ರಾಮು ಟೆಕ್. ಅದರ ಮಾಮೂಲಿ ಅಕ್ಷರದಲ್ಲಿ ಎರಡು ಕಿರುಗೆರೆ ಜೊತೆಯಾಗಿ ಬಂದರೆ ಅದು ಸೇರಿಸಿ ಒಂದು ಉದ್ದ ಗೆರೆ ಮಾಡುತ್ತದೆ. ಮೂರು ಬಂದರೆ ಇನ್ನೂ ಉದ್ದದ ಗೆರೆ. ಎರಡು ಸೇರಿ ಆಗುವುದು, ಪುಟ 10ರಿಂದ 15ರವರೆಗೆ ಅನ್ನುವ ಕಡೆ ನಡುವೆ ಬರುತ್ತದಲ್ಲ, ಆ ಗೆರೆ. ಪುಸ್ತಕಕ್ಕೆ ಅದೇ ಸರಿ. ಹಾಳೆಯ ಮೇಲೆ ನೋಡಿದವರಿಗೆ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಪಿಡಿಎಫ್‌ನಿಂದ ಎತ್ತಿ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಇಟ್ಟರೆ ಅದು ಬೇರೆಯೇ ಅಕ್ಷರ. ಆಯ್ಕೆ ಅಂತ ಪ್ರೋಗ್ರಾಮಿಗೆ ಗೊತ್ತಾಗದೆ, ಆ ಹೆಸರಿನ ಫೈಲು ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತದೆ.

ತಪ್ಪು ಟೆಕ್‌ನದ್ದಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಶಿಸ್ತನ್ನು ಅದು ಪಾಲಿಸಿತು. "ಇದು ವಾಕ್ಯ ಅಲ್ಲಪ್ಪಾ, ಕಮಾಂಡು, ಕೈ ಹಾಕಬೇಡ" ಅಂತ ನಾನು ಅದಕ್ಕೆ ಹೇಳಿರಲಿಲ್ಲ. ಈ ಹೊತ್ತಿನ ಮಾತೆಲ್ಲ ಆ ಹೇಳುವಿಕೆಯ ಬಗ್ಗೆಯೇ. ಯಾವ ತುಣುಕು ಏನು ಎಂದು ಬರೆಯುವವನು ಒಮ್ಮೆ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಹೇಳದೆ ಬಿಟ್ಟರೆ ಕೈಪಿಡಿ ಒಂದಲ್ಲ ಒಂದು ದಿನ ಸುಳ್ಳು ಹೇಳುತ್ತದೆ, ಅದೂ ಅಂದವಾದ ಅಕ್ಷರದಲ್ಲಿ.

ಪೇಟೆಂಟಿನ ನೆಪ

ಅಕ್ಷರ ಜೋಡಣೆಗೂ ತಂತ್ರಾಂಶಕ್ಕೂ ಇರುವ ನಂಟು ಹಳೆಯದು. ಎಂಐಟಿಯಲ್ಲಿ 1964ರಲ್ಲೇ ಜೆರೋಮ್ ಸಾಲ್ಟ್‌ಜರ್ ರನ್‌ಆಫ್ ಎಂಬ ಪ್ರೋಗ್ರಾಮ್ ಬರೆದಿದ್ದರು. ಸಾಲಿನ ಮೊದಲಲ್ಲಿ ಒಂದು ಚುಕ್ಕಿ, ಅದರ ಹಿಂದೆ ಒಂದು ಆಜ್ಞೆ, ಮಿಕ್ಕದ್ದೆಲ್ಲ ಪಠ್ಯ. ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನವರು ಅದನ್ನೇ ಮುಂದುವರಿಸಿ ರಾಫ್ ಮಾಡಿಕೊಂಡರು.

ನನಗೆ ಇಷ್ಟವಾದ ಕತೆ ಇದರ ಮುಂದಿನದು. ಬೆಲ್ ಲ್ಯಾಬ್ಸ್ 1969ರಲ್ಲಿ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಯೋಜನೆಯಿಂದ ಕೈತೊಳೆದುಕೊಂಡಿತ್ತು. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತೇವೆ, ಹೊಸ ಕಂಪ್ಯೂಟರ್ ಕೊಡಿಸಿ ಅಂದರೆ ಮೇಲಿನವರು ಒಪ್ಪುವ ಹಾಗಿರಲಿಲ್ಲ. ಹಾಗಾಗಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು: ಪಠ್ಯ ಸಿದ್ಧಪಡಿಸುವ ವ್ಯವಸ್ಥೆಯೊಂದನ್ನು ಕಟ್ಟುತ್ತೇವೆ ಅಂದರು. ಆ ನೆಪದಲ್ಲಿ ಪಿಡಿಪಿ-11 ಎಂಬ ಕಂಪ್ಯೂಟರ್ ಬಂತು. 1971ರ ಕೊನೆಯ ತಿಂಗಳುಗಳಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಅದರ ಮುಂದೆ ಕುಳಿತು ಇಡೀ ದಿನ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು. ಅದೇ ಮಷೀನಿನಲ್ಲಿ, ಅವರ ಪಕ್ಕದಲ್ಲೇ, ಯೂನಿಕ್ಸ್ ಎಂಬ ಆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬೆಳೆಯುತ್ತಿತ್ತು. ನಮ್ಮ ಕೆಲಸವನ್ನು "ಕೊನೆಗೆ ಮಾಡೋ ಡಾಕ್ಯುಮೆಂಟೇಶನ್" ಅಂತ ಯಾರಾದರೂ ಹಗುರವಾಗಿ ಅಂದರೆ ನಾನು ಈ ಕತೆ ಹೇಳುತ್ತೇನೆ.

ಯೂನಿಕ್ಸ್‌ನ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಒಂದೊಂದು ಕಮಾಂಡಿಗೂ ಒಂದೊಂದು ಪುಟ. ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಫೈಲುಗಳು. ಜೊತೆಗೆ "ಬಗ್ಸ್", ಅಂದರೆ ದೋಷಗಳು, ಎಂಬ ಶೀರ್ಷಿಕೆ. ತಮ್ಮ ಪ್ರೋಗ್ರಾಮಿನ ಕೊರತೆಯನ್ನು ತಾವೇ, ಕೈಪಿಡಿಯಲ್ಲೇ, ಶೀರ್ಷಿಕೆ ಕೊಟ್ಟು ಬರೆಯುವುದು! ಇವತ್ತಿನ ಮಾರ್ಕೆಟಿಂಗ್ ವಿಭಾಗದವರ ಮುಂದೆ ಆ ಮಾತೆತ್ತಿ ನೋಡಿ. ಮುಂದೆ ಜೋ ಒಸ್ಸಾನಾ ಅವರ ಟ್ರಾಫ್ ಎಂಬ ಜೋಡಣೆ ಪ್ರೋಗ್ರಾಮ್ ಬಂದು, ಅದೇ ಪಠ್ಯ ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊಟೈಪ್‌ಸೆಟರ್‌ನಲ್ಲಿ ಪುಸ್ತಕದ ಅಕ್ಷರವಾಗಿಯೂ ಟರ್ಮಿನಲ್‌ನಲ್ಲಿ ಸಾದಾ ಅಕ್ಷರವಾಗಿಯೂ ಇಳಿಯತೊಡಗಿತು. ಒಂದು ಮೂಲ, ಎರಡು ರೂಪ. ಮ್ಯಾನ್ ಪೇಜು ಎಂದು ಕರೆಯುವ ಆ ಕೈಪಿಡಿ ಪುಟಗಳ ವಿನ್ಯಾಸ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಟೆಕ್‌ನ ಹುಟ್ಟು ಬೇರೆ ರೀತಿಯದು. ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರ ಪ್ರೋಗ್ರಾಮಿಂಗ್ ಪುಸ್ತಕಮಾಲೆಯ ಮೊದಲ ಸಂಪುಟ 1968ರಲ್ಲಿ ಸೀಸದ ಮೊಳೆಯಲ್ಲಿ ಅಚ್ಚಾಗಿತ್ತು. ಎರಡನೇ ಸಂಪುಟದ ಹೊಸ ಆವೃತ್ತಿಯ ಹೊತ್ತಿಗೆ ಆ ಕಾಲ ಮುಗಿದಿತ್ತು. 1977ರಲ್ಲಿ ಕೈಗೆ ಬಂದ ಪ್ರೂಫ್ ಫೋಟೊ ವಿಧಾನದ್ದು, ಅದನ್ನು ನೋಡಿ ಅವರಿಗೆ ಬೇಸರವಾಯಿತು. ಅಕ್ಷರ ಎಂದರೆ ಕೊನೆಗೆ ಇರುವ, ಇಲ್ಲದಿರುವ ಚುಕ್ಕಿಗಳ ಲೆಕ್ಕ ತಾನೇ, ಅದು ಕಂಪ್ಯೂಟರಿನ ಕೆಲಸ ತಾನೇ ಅಂದುಕೊಂಡು ತಾವೇ ಕೈ ಹಾಕಿದರು. ಒಂದು ವರ್ಷದೊಳಗೆ ಮುಗಿಸುವ ಅಂದಾಜು. ಒಂದು ಹಂತಕ್ಕೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಗಡುವು ತಪ್ಪಿಸಿದಾಗಲೆಲ್ಲ ನೆನಪಿಸಿಕೊಳ್ಳಲು ಒಳ್ಳೆಯ ಹೆಸರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಲೇಟೆಕ್ ಕಟ್ಟಿದರು, ಅದರ ಪುಸ್ತಕ 1986ರಲ್ಲಿ ಬಂತು. ನಾವು ಈಗ ಬಳಸುವ ಲೇಟೆಕ್‌ನ ಮೈಕಟ್ಟು 1994ರದ್ದು.

ಹೆಸರಿಟ್ಟು ಕರೆಯುವುದು

ಅಡ್ಮಿನ್ ಕತೆಗೆ ವಾಪಸ್ ಬರೋಣ. ಕೈಪಿಡಿಯಲ್ಲಿ ಬರುವ ಪದಗಳಲ್ಲಿ ಜಾತಿಗಳಿವೆ. ಫೈಲಿನ ಹೆಸರು, ಬಳಕೆದಾರರು ಟೈಪ್ ಮಾಡಬೇಕಾದ ಕಮಾಂಡು, ಯಂತ್ರ ಮರಳಿ ತೋರಿಸುವ ಸಾಲು, ಮೆನು, ಬಟನ್, ಕೀಲಿ, ಓದುಗರು ತಮ್ಮದನ್ನು ತುಂಬಬೇಕಾದ ಜಾಗ. ವರ್ಡ್ ಪ್ರೊಸೆಸರ್‌ನಲ್ಲಿ ಬರೆಯುವಾಗ ಇದನ್ನೆಲ್ಲ ದಪ್ಪ, ಓರೆ, ಟೈಪ್‌ರೈಟರ್ ಎಂಬ ಮೂರೇ ಮೂರು ವೇಷದಲ್ಲಿ ಸುಧಾರಿಸುತ್ತೇವೆ. ಮೆನುವೂ ದಪ್ಪ, ಬಟನೂ ದಪ್ಪ, ಎಚ್ಚರಿಕೆಯೂ ದಪ್ಪ. ಆರು ತಿಂಗಳಾದ ಮೇಲೆ "ಬಟನ್‌ಗಳನ್ನೆಲ್ಲ ಚೌಕದೊಳಗೆ ತೋರಿಸಿ" ಅಂತ ಯಾರೋ ಅಂದರೆ ದಪ್ಪಕ್ಷರಗಳ ಗುಂಪಿನಲ್ಲಿ ಬಟನ್ ಯಾವುದು ಅಂತ ಕಣ್ಣಲ್ಲೇ ಹೆಕ್ಕಬೇಕು.

ಲೇಟೆಕ್‌ನಲ್ಲಿ ನಾನು ಮೊದಲ ದಿನವೇ ಮಾಡುವ ಕೆಲಸ, ಈ ಜಾತಿಗಳಿಗೆ ಒಂದೊಂದು ಲೇಟೆಕ್ ಕಮಾಂಡ್, ಅಂದರೆ ಪಠ್ಯಕ್ಕೆ ಹಚ್ಚುವ ಗುರುತು, ಮಾಡಿಕೊಳ್ಳುವುದು. ಫೈಲಿಗೊಂದು, ಆಯ್ಕೆಗೊಂದು, ಬಟನ್‌ಗೊಂದು. ಪಠ್ಯದಲ್ಲಿ ಎಲ್ಲೂ "ದಪ್ಪ ಮಾಡು" ಅಂತ ಬರೆಯುವುದಿಲ್ಲ, "ಇದು ಬಟನ್" ಅಂತಷ್ಟೇ ಬರೆಯುತ್ತೇನೆ. ಬಟನ್ ಹೇಗೆ ಕಾಣಬೇಕು ಅನ್ನುವುದು ಬೇರೆ ಫೈಲಿನಲ್ಲಿ ಒಂದೇ ಸಾಲು. ಆಯ್ಕೆಯ ಕಮಾಂಡಿನೊಳಗೆ ಕಿರುಗೆರೆಗಳು ಸೇರಿಕೊಳ್ಳಬಾರದು ಅಂತ ಒಮ್ಮೆ ಬರೆದಿಟ್ಟರೆ 300 ಪುಟದಲ್ಲಿ ಎಲ್ಲೂ ಸೇರಿಕೊಳ್ಳುವುದಿಲ್ಲ. ಆ ಫೋನ್ ಕರೆ ಬಂದ ಮೇಲೆ ನಾನು ಮಾಡಿದ್ದೂ ಅಷ್ಟೇ, ಒಂದು ಸಾಲು. ಅದಕ್ಕೆ ಮುಂಚೆ ಆಯ್ಕೆಗಳನ್ನು ಗುರುತಿಸಿ ಆ ಕಮಾಂಡಿನೊಳಗೆ ಹಾಕುವುದಕ್ಕೆ ಎರಡು ದಿನ ಹಿಡಿಯಿತು, ಯಾಕೆಂದರೆ ಮೊದಲು ಬರೆಯುವಾಗ ಸೋಮಾರಿತನ ಮಾಡಿದ್ದೆ.

ಫೈಲಿನ ಹೆಸರಿನದ್ದು ಇನ್ನೊಂದು ಸೂಕ್ಷ್ಮ. ಟೆಕ್ ಸಾಲು ಮುರಿಯುವ ರೀತಿ ನಿಜಕ್ಕೂ ಚಂದ. ಸಾಮಾನ್ಯ ಪ್ರೋಗ್ರಾಮು ಒಂದು ಸಾಲು ತುಂಬಿತೇ, ಮುಂದಿನ ಸಾಲಿಗೆ ಹೋಗು ಅನ್ನುತ್ತದೆ. ಟೆಕ್ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲೆಲ್ಲಿ ಮುರಿದರೆ ಒಟ್ಟಾರೆ ಕಡಿಮೆ ಕೆಡುಕು ಅಂತ ಲೆಕ್ಕ ಹಾಕುತ್ತದೆ. ಕೊನೆಯ ಸಾಲಿನ ಒಂದು ಪದಕ್ಕಾಗಿ ಮೊದಲ ಸಾಲನ್ನು ಬದಲಿಸಲೂ ಅದು ಹಿಂಜರಿಯುವುದಿಲ್ಲ. ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ ಇದು. ಕತೆ, ಪ್ರಬಂಧಕ್ಕೆ ಇದು ವರ. ಆದರೆ ಕೈಪಿಡಿಯಲ್ಲಿ ಮಧ್ಯೆ ಅರವತ್ತು ಅಕ್ಷರದ ಫೈಲ್ ಪಾತ್ (ಫೈಲು ಯಾವ ಫೋಲ್ಡರಿನೊಳಗಿದೆ ಎಂದು ಹೇಳುವ ದಾರಿ) ಬಂದು ಕೂತಿತೆಂದರೆ ಅದನ್ನು ಎಲ್ಲಿ ಮುರಿಯಬೇಕೆಂದು ಟೆಕ್‌ಗೆ ತಿಳಿಯದೆ, ಪದ ಅಂಚು ದಾಟಿ ಹೊರಗೆ ಚಾಚಿಕೊಳ್ಳುತ್ತದೆ. ಅದು ಬರೆದಿಡುವ ವರದಿಯಾದ ಲಾಗ್‌ನಲ್ಲಿ "ಓವರ್‌ಫುಲ್ ಎಚ್‌ಬಾಕ್ಸ್" ಎಂಬ ಗೊಣಗಾಟ. ಹೊಸಬರು ಗಾಬರಿಯಾಗಿ ಅದರೊಳಗೆ ಕಿರುಗೆರೆ ಹಾಕಿ ಮುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾತ್‌ನ ನಡುವೆ ಕಂಡ ಕಿರುಗೆರೆ ಹೆಸರಿನ ಭಾಗವೋ, ಸಾಲು ಮುರಿದದ್ದರ ಗುರುತೋ ಓದುಗರಿಗೆ ಹೇಗೆ ಗೊತ್ತಾಗಬೇಕು? ಓರೆಗೆರೆ ಅಥವಾ ಚುಕ್ಕಿಯ ಬಳಿ, ಏನನ್ನೂ ಸೇರಿಸದೆ ಮುರಿಯುವ ಕಮಾಂಡ್ ಇದೆ. ವೆಬ್ ವಿಳಾಸಗಳಿಗೆಂದು ಬಂದ ಪ್ಯಾಕೇಜಿನಲ್ಲೇ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕಟ್ಟಿನಲ್ಲೇ) ಸಿಗುತ್ತದೆ. ಫೈಲಿಗೆ ಮಾಡಿಕೊಂಡ ನಿಮ್ಮ ಕಮಾಂಡಿನೊಳಗೆ ಅದನ್ನು ಇಟ್ಟುಬಿಡಿ.

ಕಾಪಿ ಮಾಡುವವರು ಇದ್ದೇ ಇರುತ್ತಾರೆ

ಕೈಪಿಡಿಯ ಓದುಗರು ಓದುವುದಿಲ್ಲ, ಕಾಪಿ ಮಾಡುತ್ತಾರೆ. ಇದನ್ನು ಒಪ್ಪಿಕೊಂಡ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು.

ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಏನೇನು ಕೆಡಬಹುದು ಅಂತ ಒಂದು ಸಂಜೆ ಕುಳಿತು ನೋಡಿದ್ದೆ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ. ಇದ್ದಂತೆಯೇ ಅಚ್ಚು ಹಾಕುವ ವರ್ಬೇಟಿಮ್‌ನಲ್ಲೂ ಹಳೆಯ ಫಾಂಟುಗಳಲ್ಲಿ ಇದಾಗುತ್ತದೆ, ಅದಕ್ಕೆಂದೇ ಅಪ್‌ಕೋಟ್ ಎಂಬ ಪುಟ್ಟ ಪ್ಯಾಕೇಜು ಇದೆ. ಕೋಡಿನ ಪಕ್ಕ ಸಾಲಿನ ಸಂಖ್ಯೆ ಹಾಕಿದ್ದರೆ ಆ ಸಂಖ್ಯೆಯೂ ಜೊತೆಗೆ ಬರುತ್ತದೆ. ಕೋಡು ಎರಡು ಪುಟಕ್ಕೆ ಹರಡಿದ್ದರೆ ನಡುವೆ ಪುಟದ ಅಡಿಬರಹ ಬಂದು ಸೇರಿಕೊಳ್ಳುತ್ತದೆ. ಸಾಲಿನ ಮೊದಲಲ್ಲಿ ಬಿಟ್ಟ ಜಾಗವನ್ನು ಹಲವು ಪಿಡಿಎಫ್ ವೀಕ್ಷಕಗಳು ನುಂಗಿಹಾಕುತ್ತವೆ, ಪೈಥಾನ್ ಕೋಡಿಗೆ ಅದೇ ಸಾಕು.

ಇವೆಲ್ಲ ಕಿರಿಕಿರಿ. ಅಪಾಯ ಇರುವುದು ಉದ್ದ ಕಮಾಂಡು ಎರಡು ಸಾಲಾದಾಗ. ಅಳಿಸುವ ಕಮಾಂಡ್ ಒಂದನ್ನು ಊಹಿಸಿಕೊಳ್ಳಿ. ಪಾತ್ ಉದ್ದ, ಸಾಲು ಒಂದು ಓರೆಗೆರೆಯ ಹತ್ತಿರ ಮುರಿದಿದೆ. ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದಾಗ ಮೊದಲ ಸಾಲಿನ ಕೊನೆಗೆ ಎಂಟರ್ ಒತ್ತಿದಂತೆ ಆಗುತ್ತದೆ. ಅಳಿಸಬೇಕಾದದ್ದು ಒಳಗಿನ ಒಂದು ಚಿಕ್ಕ ಫೋಲ್ಡರು; ಅಳಿಯುವುದು ಅದರ ಮೇಲಿನ ಇಡೀ ಡೈರೆಕ್ಟರಿ. ಆಮೇಲೆ ಎರಡನೇ ಸಾಲು ಓಡಿ "ಇಂಥ ಕಮಾಂಡ್ ಇಲ್ಲ" ಅನ್ನುತ್ತದೆ, ಬಳಕೆದಾರರು ಆ ಸಂದೇಶ ನೋಡಿ "ಓ, ಏನೂ ಆಗಲಿಲ್ಲ" ಅಂದುಕೊಳ್ಳುತ್ತಾರೆ. ಹೀಗೆ ಆಗಿದ್ದನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಪಠ್ಯದ ನಡುವಿನ ಪಾತ್ ಓರೆಗೆರೆಯ ಬಳಿ ಮುರಿದರೆ ಅಡ್ಡಿಯಿಲ್ಲ, ಅದು ಓದುವುದಕ್ಕೆ. ಓಡಿಸಬೇಕಾದ ಕಮಾಂಡು ಮುರಿಯಲೇಬೇಕಾದರೆ ಕಮಾಂಡು ಓಡಿಸುವ ಶೆಲ್ಲಿಗೆ ತಿಳಿಯುವ ಹಾಗೆ, ಸಾಲಿನ ಕೊನೆಗೆ ಹಿಂದೋರೆ ಗೆರೆ ಹಾಕಿ, ನಾವೇ ಕೈಯಾರೆ ಮುರಿಯಬೇಕು.

ಕೋಡಿನ ಉದಾಹರಣೆಗಳನ್ನು ನಾನು ಈಗ ಕೈಪಿಡಿಯ ಮೂಲದೊಳಗೆ ಬರೆಯುವುದೇ ಇಲ್ಲ. ಪ್ರತಿ ಉದಾಹರಣೆಯೂ ಬೇರೆ ಫೈಲು; ಆ ಫೈಲನ್ನು ಪ್ರತಿ ರಾತ್ರಿ ಮಷೀನು ಓಡಿಸಿ ನೋಡುತ್ತದೆ; ಓಡಿದರೆ ಮಾತ್ರ ಲೇಟೆಕ್ ಅದನ್ನು ಎಳೆದುಕೊಂಡು ಪುಟಕ್ಕೆ ಹಾಕುತ್ತದೆ. ಲಿಸ್ಟಿಂಗ್ಸ್, ಮಿಂಟೆಡ್ ಎರಡೂ ಪ್ಯಾಕೇಜುಗಳಲ್ಲಿ ಈ ಸೌಲಭ್ಯ ಇದೆ, ಬೇಕಾದ ಸಾಲುಗಳನ್ನಷ್ಟೇ ಎಳೆಯಬಹುದು. ಅದೇ ಫೈಲುಗಳನ್ನು ಒಂದು ಜಿಪ್ ಮಾಡಿ ಕೈಪಿಡಿಯ ಜೊತೆಗೇ ಕೊಡುತ್ತೇನೆ, ಕಾಪಿ ಮಾಡುವ ಗೊಡವೆಯೇ ಬೇಡ ಅಂತ. ಆದರೂ ಪಿಡಿಎಫ್‌ನಿಂದಲೇ ಕಾಪಿ ಮಾಡುತ್ತಾರೆ, ಅದು ಬೇರೆ ಮಾತು.

ಅಂಕಿಗಳದ್ದೂ ಇದೇ ಹಾಡು. ಡೀಫಾಲ್ಟ್ ಕಾಯುವ ಅವಧಿ 30 ಸೆಕೆಂಡ್ ಅಂತ ಮೂರನೇ ಅಧ್ಯಾಯದಲ್ಲಿ ಬರೆದಿರುತ್ತೀರಿ, ಏಳರಲ್ಲಿ ಇನ್ನೊಮ್ಮೆ, ಅನುಬಂಧದ ಕೋಷ್ಟಕದಲ್ಲಿ ಮತ್ತೊಮ್ಮೆ. ಪ್ರೋಗ್ರಾಮರ್ ಒಂದು ದಿನ ಅದನ್ನು 45 ಮಾಡುತ್ತಾರೆ, ನಿಮಗೆ ಹೇಳುತ್ತಾರೆ, ನೀವು ಎರಡು ಕಡೆ ತಿದ್ದುತ್ತೀರಿ. ಮೂರನೆಯದು ಸುಳ್ಳಾಗಿ ಉಳಿಯುತ್ತದೆ. ನಾನು ಮಾಡಿದ್ದು ಇಷ್ಟು: ಪ್ರೋಗ್ರಾಮಿನ ಡೀಫಾಲ್ಟ್ ಸೆಟ್ಟಿಂಗ್ ಫೈಲನ್ನೇ ಓದಿ, ಒಂದೊಂದು ಮೌಲ್ಯಕ್ಕೂ ಒಂದೊಂದು ಲೇಟೆಕ್ ಕಮಾಂಡ್ ಬರೆದುಕೊಡುವ ಚಿಕ್ಕ ಸ್ಕ್ರಿಪ್ಟು. ಪಠ್ಯದಲ್ಲಿ ಅಂಕಿಯ ಜಾಗದಲ್ಲಿ ಆ ಕಮಾಂಡಿನ ಹೆಸರು ಇರುತ್ತದೆ. ಆಯ್ಕೆಗಳ ಪಟ್ಟಿಯೂ ಹಾಗೆಯೇ, ಪ್ರೋಗ್ರಾಮಿನ ಹೆಲ್ಪ್ ಕೊಡುವ ಪಠ್ಯದಿಂದಲೇ ಬರುತ್ತದೆ. ಹೆಲ್ಪ್ ಪಠ್ಯದಿಂದ ಇಡೀ ಮ್ಯಾನ್ ಪೇಜನ್ನೇ ತಯಾರಿಸುವ ಹೆಲ್ಪ್‌ಟುಮ್ಯಾನ್ ಎಂಬ, ಗ್ನೂ ಮುಕ್ತ ತಂತ್ರಾಂಶ ಯೋಜನೆಯ ಸಾಧನ ಎಷ್ಟೋ ಕಾಲದಿಂದ ಇದೆ. ನಾನೇನೂ ಹೊಸದು ಕಂಡುಹಿಡಿದಿಲ್ಲ.

ಉತ್ಪನ್ನದ ಹೆಸರಿನ ಮೇಲೂ ಒಂದು ಗಾಯ ಇದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ, ಬಿಡುಗಡೆಗೆ ಎರಡು ದಿನ ಇರುವಾಗ ಹೆಸರು ಬದಲಾಯಿತು. ಆಗ ನಾವು ಇನ್ನೂ ವರ್ಡ್ ಪ್ರೊಸೆಸರ್‌ನಲ್ಲಿದ್ದೆವು. "ಹುಡುಕಿ ಬದಲಿಸಿ, ಅಷ್ಟೇ ತಾನೇ" ಅಂದರು, ಬದಲಿಸಿದೆ. ಹಳೆಯ ಹೆಸರು ಫೋಲ್ಡರುಗಳ ಹೆಸರಿನೊಳಗೂ ಇತ್ತು. ತಂತ್ರಾಂಶದಲ್ಲಿ ಫೋಲ್ಡರು ಹಳೆಯ ಹೆಸರಲ್ಲೇ ಉಳಿಯಿತು, ಕೈಪಿಡಿಯಲ್ಲಿ ಮಾತ್ರ ಹೊಸದಾಯಿತು. ಪುಸ್ತಕ ತುಂಬಾ ಇಲ್ಲದ ಫೋಲ್ಡರುಗಳು. ಈಗ ಉತ್ಪನ್ನದ ಹೆಸರು ಒಂದು ಕಮಾಂಡು, ಫೋಲ್ಡರಿನ ಹೆಸರು ಇನ್ನೊಂದು ಕಮಾಂಡು. ಎರಡೂ ಒಂದೇ ಆಗಿ ಕಂಡರೂ ಸರಿ, ಬೇರೆ ಬೇರೆ ಕಮಾಂಡು.

ಪ್ರಶ್ನಾರ್ಥಕ ಚಿಹ್ನೆಗಳು

ಲೇಟೆಕ್ ಬಳಸಿದವರೆಲ್ಲ ಪುಟದಲ್ಲಿ ದಪ್ಪಗೆ ?? ಅಂತ ಬಂದದ್ದನ್ನು ನೋಡಿರುತ್ತೀರಿ. "ಪುಟ ?? ನೋಡಿ." ಇದು ಯಾಕೆ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ತಲೆನೋವು ಹೋಗುತ್ತದೆ. ಮೂರನೇ ಪುಟದಲ್ಲಿ ನೀವು ಎಂಬತ್ತನೇ ಪುಟದ ಕೋಷ್ಟಕವನ್ನು ಹೆಸರಿಸುತ್ತೀರಿ. ಮೂರನೇ ಪುಟ ಜೋಡಿಸುವಾಗ ಆ ಕೋಷ್ಟಕ ಎಲ್ಲಿ ಬೀಳುತ್ತದೆ ಅಂತ ಲೇಟೆಕ್‌ಗೆ ಇನ್ನೂ ಗೊತ್ತಿಲ್ಲ. ಹಾಗಾಗಿ ಮೊದಲ ಸುತ್ತಿನಲ್ಲಿ ಯಾವ ಗುರುತು ಎಲ್ಲಿ ಬಿತ್ತು ಅಂತ ಪಕ್ಕದ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಎರಡನೇ ಸುತ್ತಿನಲ್ಲಿ ಅದನ್ನು ಓದಿ ತುಂಬುತ್ತದೆ. ವಿಷಯಸೂಚಿಗೂ ಇದೇ ದಾರಿ. ಎರಡನೇ ಸುತ್ತಿನಲ್ಲಿ ಸಂಖ್ಯೆ ಬಂದು ಕೂತು ಸಾಲು ಉದ್ದವಾಗಿ, ಪುಟ ಜರುಗಿ, ಮೂರನೇ ಸುತ್ತು ಬೇಕಾಗುವುದೂ ಉಂಟು. ಅಪರೂಪಕ್ಕೆ, ಪುಟ 99 ಅಂತ ಹಾಕಿದರೆ ಕೋಷ್ಟಕ 100ಕ್ಕೆ ಹೋಗುವುದು, 100 ಅಂತ ಹಾಕಿದರೆ 99ಕ್ಕೆ ಬರುವುದು, ಹೀಗೆ ಎಷ್ಟು ಸುತ್ತು ಓಡಿಸಿದರೂ ನಿಲ್ಲದ ಸಂದರ್ಭ ಬರಬಹುದು. ಆಗ ವಾಕ್ಯವನ್ನೇ ಸ್ವಲ್ಪ ಬದಲಿಸಿಬಿಡಿ. ಎಷ್ಟು ಸುತ್ತು ಬೇಕು ಅನ್ನುವುದನ್ನು ಲೇಟೆಕ್‌ಎಂಕೆ ಎಂಬ ಸಹಾಯಕ ಪ್ರೋಗ್ರಾಮು ನೋಡಿಕೊಳ್ಳುತ್ತದೆ.

ಆ ಎರಡು ಪ್ರಶ್ನಾರ್ಥಕಗಳನ್ನು ನಾನು ದೊಡ್ಡ ಉಪಕಾರ ಅಂತ ತಿಳಿಯುತ್ತೇನೆ. ಕೈಯಲ್ಲಿ ಬರೆದ "ಪುಟ 80 ನೋಡಿ" ಹಳತಾದರೆ ಯಾರಿಗೂ ತಿಳಿಯುವುದಿಲ್ಲ. ಇದು ಹಳತಾದರೆ ಕೂಗಿ ಹೇಳುತ್ತದೆ. ಅದನ್ನು ಮುದ್ರಣದವರೆಗೆ ಬಿಡದೆ, ಲಾಗ್‌ನಲ್ಲಿ ಸಿಗದ ಗುರುತು ಒಂದಾದರೂ ಇದ್ದರೆ ಬಿಲ್ಡ್, ಅಂದರೆ ಪಿಡಿಎಫ್ ತಯಾರಿ, ಅಲ್ಲಿಗೇ ನಿಲ್ಲುವಂತೆ ಮಾಡಿ.

ಎಚ್ಚರಿಕೆಯ ಚೌಕಗಳ ಬಗ್ಗೆ ಒಂದು ಮಾತು. "ವಿದ್ಯುತ್ ಸಂಪರ್ಕ ತೆಗೆಯಿರಿ" ಅನ್ನುವ ಚೌಕ ಪುಟದ ತಳದಲ್ಲಿ ಬಿದ್ದು, "ಮುಚ್ಚಳ ತೆರೆಯಿರಿ" ಅನ್ನುವ ಹಂತ ಮುಂದಿನ ಪುಟದ ತಲೆಗೆ ಹೋದರೆ ಏನಾಗುತ್ತದೆ? ಮುಚ್ಚಳದ ಪುಟವನ್ನಷ್ಟೇ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಚೌಕ ಕಾಣುವುದೇ ಇಲ್ಲ. ಎಚ್ಚರಿಕೆ ಹಂತಕ್ಕಿಂತ ಮೊದಲು ಬರಬೇಕು, ಹಂತದ ಜೊತೆಗೇ ಇರಬೇಕು. ನನ್ನ ಎಚ್ಚರಿಕೆ ಕಮಾಂಡ್ ತನ್ನ ಮುಂದಿನ ಹಂತವನ್ನೂ ಸೇರಿಸಿಕೊಂಡೇ ಜಾಗ ಅಳೆಯುತ್ತದೆ. ಸಾಲದಿದ್ದರೆ ಎರಡೂ ಒಟ್ಟಿಗೆ ಮುಂದಿನ ಪುಟಕ್ಕೆ. ಹಿಂದಿನ ಪುಟದ ತಳ ಖಾಲಿ ಉಳಿದು ವಿಕಾರವಾಗಿ ಕಾಣುತ್ತದೆ. ಕಾಣಲಿ.

ಕನ್ನಡದಲ್ಲೇ ಕೈಪಿಡಿ ಮಾಡುವವರಿಗೆ ಕೆಲವು ಸೂಚನೆ. ಮೂಲ ಟೆಕ್‌ಗೆ ನಮ್ಮ ಲಿಪಿ ಸುಲಭವಲ್ಲ. ಟೆಕ್‌ನ ಮುಂದಿನ ರೂಪಗಳಾದ, 2004ರಲ್ಲಿ ಬಂದ ಜೀಟೆಕ್ ಅಥವಾ ಈಗಿನ ಲುವಾಟೆಕ್ ಹಿಡಿಯಿರಿ, ಯೂನಿಕೋಡ್ ಫಾಂಟ್ ನೇರವಾಗಿ ಬಳಸುತ್ತವೆ. ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮುಖ್ಯವಾಗಿ, ಪಿಡಿಎಫ್ ಆದ ಮೇಲೆ ಅದರಲ್ಲಿ ಒಂದು ಕನ್ನಡ ಪದ ಹುಡುಕಿ ನೋಡಿ. ಪಿಡಿಎಫ್ ಒಳಗೆ ಇರುವುದು ಅಕ್ಷರದ ಆಕಾರಗಳು. ಮೂಲ ಪಠ್ಯ ಯಾವುದೆಂದು ಜೊತೆಗೆ ಬರೆದಿಡದಿದ್ದರೆ ಹುಡುಕಾಟ ಕೈಕೊಡುತ್ತದೆ. ಜೀಟೆಕ್‌ನಲ್ಲಿ ಅದನ್ನು ಬರೆದಿಡುವ ಆಯ್ಕೆ ಇದೆ, ತಾನಾಗಿ ಆನ್ ಆಗಿರುವುದಿಲ್ಲ.

ಯಾವಾಗ ಬೇಡ

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರೂ ಲೇಟೆಕ್‌ಗೆ ಬನ್ನಿ ಅನ್ನುತ್ತೇನೆ ಅಂದುಕೊಂಡಿದ್ದೀರೇನೋ. ಇಲ್ಲ. ಪೈಥಾನ್ ಭಾಷೆಯ ದಾಖಲೆಗಳು ವರ್ಷಗಟ್ಟಲೆ ಲೇಟೆಕ್‌ನಲ್ಲೇ ಇದ್ದವು. ಓದುವವರು ವೆಬ್‌ಗೆ ಹೋದರು. ಒಂದು ಪ್ಯಾರಾ ತಿದ್ದಲು ಬಂದ ಪ್ರೋಗ್ರಾಮರಿಗೂ ಲೇಟೆಕ್ ಕಲಿಯಬೇಕಾದ ಪಾಡು. ಅದಕ್ಕೇ ಗೇಯಾರ್ಗ್ ಬ್ರಾಂಡ್ಲ್ ಸ್ಫಿಂಕ್ಸ್ ಎಂಬ ದಾಖಲೆ ತಯಾರಿಸುವ ಸಾಧನ ಬರೆದರು, ಅದು 2008ರಲ್ಲಿ ಹೊರಬಂತು; ದಾಖಲೆಗಳೆಲ್ಲ ಹಗುರ ಗುರುತಿನ ಸಾದಾ ಪಠ್ಯಕ್ಕೆ ವರ್ಗವಾದವು. ಸರಿಯಾದ ನಿರ್ಧಾರವೇ. ಆದರೆ ಸ್ಫಿಂಕ್ಸ್‌ಗೆ ಪಿಡಿಎಫ್ ಕೊಡು ಅಂದರೆ ಅದು ತೆರೆಯ ಹಿಂದೆ ಹೋಗಿ ಲೇಟೆಕ್ ಅನ್ನೇ ಕರೆಯುತ್ತದೆ. ಒಂದು ಬಗೆಯ ದಾಖಲೆಯನ್ನು ಇನ್ನೊಂದು ಬಗೆಗೆ ತಿರುಗಿಸುವ ಪ್ಯಾಂಡಾಕ್ ಕೂಡ ಸಾಮಾನ್ಯವಾಗಿ ಹಾಗೆಯೇ. ಗ್ನೂ ಯೋಜನೆಯ ಕೈಪಿಡಿ ಸಾಧನ ಟೆಕ್ಸ್‌ಇನ್ಫೊ ಮೊದಲಿಂದಲೂ ಈ ಎರಡು ದೋಣಿಯಲ್ಲಿ ಕಾಲಿಟ್ಟೇ ನಡೆದದ್ದು: ಪರದೆಗೊಂದು ರೂಪ, ಹಾಳೆಗೆ ಟೆಕ್ ಮೂಲಕ ಇನ್ನೊಂದು.

ನನ್ನ ಲೆಕ್ಕ ಹೀಗೆ. ಪರದೆಯಲ್ಲೇ ಓದುವಂಥದ್ದು, ವಾರಕ್ಕೊಮ್ಮೆ ಬದಲಾಗುವಂಥದ್ದು, ಹತ್ತು ಜನ ಕೈ ಹಾಕುವಂಥದ್ದು ಆದರೆ ಮಾರ್ಕ್‌ಡೌನ್ ಎಂಬ ಹಗುರ ಗುರುತಿನ ಪಠ್ಯ ಅಥವಾ ಸ್ಫಿಂಕ್ಸ್. ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಹೋಗುವ ಪುಸ್ತಕ, ನೆಟ್‌ವರ್ಕ್ ಇಲ್ಲದ ಕಡೆ ತೆರೆಯುವ ಪುಸ್ತಕ, ಹತ್ತು ವರ್ಷ ಬಿಟ್ಟು "ಆ ವರ್ಶನ್‌ನಲ್ಲಿ ನೀವು ಏನು ಹೇಳಿದ್ದಿರಿ" ಅಂತ ಕೇಳಬಹುದಾದ ಪುಸ್ತಕ ಆದರೆ ಲೇಟೆಕ್. ಹತ್ತು ವರ್ಷದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಟೆಕ್ ಬದಲಾಗುವುದಿಲ್ಲ. ಅದರ ವರ್ಶನ್ ಸಂಖ್ಯೆ ಪೈ ಬೆಲೆಯತ್ತ ಒಂದೊಂದೇ ಅಂಕಿ ಹತ್ತಿರವಾಗುತ್ತಾ ಈಗ 3.141592653ಕ್ಕೆ ನಿಂತಿದೆ. ಆದರೆ ಅದರ ಮೇಲಿನ ಪ್ಯಾಕೇಜುಗಳು ಬದಲಾಗುತ್ತಲೇ ಇರುತ್ತವೆ. ಇವನ್ನೆಲ್ಲ ಒಟ್ಟುಗೂಡಿಸಿದ ಟೆಕ್ ಲೈವ್ ವರ್ಷಕ್ಕೊಮ್ಮೆ ಬರುತ್ತದೆ. ಯಾವ ವರ್ಷದ್ದರಲ್ಲಿ ಜೋಡಿಸಿದಿರೋ ಅದನ್ನು ಕಂಟೇನರಿನಲ್ಲಿ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಸಮೇತ ಇಡುವ ಡಬ್ಬಿಯಲ್ಲಿ) ಕಟ್ಟಿ ಮೂಲದ ಜೊತೆಗೇ ಎತ್ತಿಡಿ.

ಎರಡು ಪ್ರಶ್ನೆ

ಲೇಟೆಕ್‌ನ ಎರರ್ ಸಂದೇಶಗಳು ಅರ್ಥವೇ ಆಗುವುದಿಲ್ಲವಲ್ಲ ಎಂದು ಒಬ್ಬರು ಕೇಳಿದರು. ನಿಜ, ಆಗುವುದಿಲ್ಲ. ತಪ್ಪು ಒಂದು ಕಡೆ, ದೂರು ಇನ್ನೊಂದು ಕಡೆ. ನಾನು ಮೊದಲ ಎರರ್ ಮಾತ್ರ ಓದುತ್ತೇನೆ, ಅದನ್ನು ಸರಿಮಾಡಿ ಮತ್ತೆ ಓಡಿಸುತ್ತೇನೆ. ಕೆಳಗಿನ ನಲವತ್ತು ಎರರ್‌ಗಳು ಬಹುತೇಕ ಅದರ ಮರಿಗಳು. ಪ್ರತಿ ಅಧ್ಯಾಯ ಬೇರೆ ಫೈಲಿನಲ್ಲಿದ್ದರೆ ಹುಡುಕುವ ಜಾಗವಾದರೂ ಕಡಿಮೆಯಾಗುತ್ತದೆ.

ಇನ್ನೊಬ್ಬರದು: "ನಮ್ಮ ಹತ್ತಿರ ವರ್ಡ್ ಪ್ರೊಸೆಸರ್‌ನಲ್ಲಿ 400 ಪುಟ ಇದೆ, ಎಲ್ಲಿಂದ ಶುರು ಮಾಡಲಿ?" ಎಲ್ಲವನ್ನೂ ಒಟ್ಟಿಗೆ ತರಬೇಡಿ. ಒಂದು ಅಧ್ಯಾಯ ಆರಿಸಿಕೊಳ್ಳಿ, ಕಮಾಂಡುಗಳು ಹೆಚ್ಚಿರುವಂಥದ್ದು. ಪ್ಯಾಂಡಾಕ್‌ನಿಂದ ಲೇಟೆಕ್‌ಗೆ ತಿರುಗಿಸಿ, ಬಂದದ್ದು ಒರಟಾಗಿರುತ್ತದೆ. ಅದರಲ್ಲಿರುವ ದಪ್ಪಕ್ಷರಗಳನ್ನೆಲ್ಲ ಒಂದೊಂದಾಗಿ ನೋಡಿ, ಇದು ಬಟನೋ, ಫೈಲೋ, ಎಚ್ಚರಿಕೆಯೋ ಅಂತ ಹೆಸರಿಡಿ. ಬೇಸರದ ಕೆಲಸ, ಯಂತ್ರಕ್ಕೆ ಬಿಡಲಾಗದ ಕೆಲಸ. ಆಮೇಲೆ "ಅಧ್ಯಾಯ 4 ನೋಡಿ" ಅಂತ ಕೈಯಲ್ಲಿ ಬರೆದದ್ದನ್ನೆಲ್ಲ ಗುರುತುಗಳಾಗಿ ಬದಲಿಸಿ ಬಿಲ್ಡ್ ಓಡಿಸಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದೇ ಅಧ್ಯಾಯದಲ್ಲಿ ಹನ್ನೊಂದು ಕಡೆ ಪ್ರಶ್ನಾರ್ಥಕ ಬಂತು. ಅದರಲ್ಲಿ ಮೂರು, ಎರಡು ವರ್ಷದ ಹಿಂದೆ ನಾನೇ ಕಿತ್ತುಹಾಕಿದ್ದ ಅಧ್ಯಾಯವನ್ನು ನೋಡಿ ಅಂತ ಹೇಳುತ್ತಿದ್ದವು.